ಹತ್ತೊಂಬತ್ತರ ರಕ್ತ

ಅಂದು ನಮ್ಮ ಮನೆಗೆ ಎರಡು ಸುದ್ದಿಗಳು ಬಂದವು. ಮೊದಲನೆಯದು ಬಂದಾಗ ನಾನು ಲಿಂಗಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತಿದ್ದೆ. ಸವದತ್ತಿಯಿಂದ ರಾಮದುರ್ಗದವರೆಗೆ ನಡೆದ ಸೈಕಲ್ ಶರ್ಯತ್ತಿನಲ್ಲಿ ನನ್ನ ಮೊಮ್ಮಗ ಗೌರೀಶ ಮೊದಲು ಬಂದನೆಂಬುದು ಆ ಸುದ್ದಿ. ತಂದವನು ಬೈಲಹೊಂಗಲದ ನಮ್ಮ ಓಣಿಯವನೇ ಆದ, ಸೈಕಲ್ ಸಂಘದ ಅಧ್ಯಕ್ಷ ಶಂಕರೆಪ್ಪ. ಅವನಿಗೆ ಸೈಕಲ್ ಹೊಡೆಯಲು ಬಾರದು. ಸಂಘಕ್ಕೆ ಅಧ್ಯಕ್ಷನಾಗಲು ಅದು ಬೇಕಾಗಿಯೂ ಇಲ್ಲ.

"ಅಜ್ಜಾರ, ನಿಮ್ಮ ಹುಲಿ ಹೊಡಕೊಂಡ ಬಂತ್ರಿ!" ಎಂದು ಅವನು ಬಾಗಿಲಲ್ಲೇ ನಿಂತು ಕೂಗಿದ. "ಎರಡನೇದಾಂವ ಕಣ್ಣಿಗೂ ಬೀಳಲಿಲ್ಲಂತ!"

"ಹುಡುಗ ನೀರ ಕುಡದಾನೇನ, ಅದನ್ನ ಕೇಳು," ಎಂದೆ ನಾನು. ಬೇಸಗೆಯ ಬಿಸಿಲು ಹಂಚಿನ ಮೇಲೆ ಕಾಯುತ್ತಿತ್ತು.

"ನೀರ ಏನ್ ತಗೊಂಡ್ರಿ ಅಜ್ಜಾರ, ಹಾರ ಹಾಕಾಕ ಹತ್ಯಾರ ಹಾರ!" ಎಂದು ನಗುತ್ತ ಹೋದ. ಓಣಿಯ ಮೂಲೆಯಲ್ಲಿ ಪಟಾಕಿಯ ಉದ್ದನೆಯ ಸರವನ್ನು ಹಾಸುವುದು ನನಗೆ ಕಾಣುತ್ತಿತ್ತು.

ಸರಕ್ಕೆ ಬೆಂಕಿ ಮುಟ್ಟಿದ ಹೊತ್ತಿನಲ್ಲಿಯೇ ನನ್ನ ಮಗ ಮಾಂತೇಶನ ಫೋನು ರಿಂಗಾಯಿತು. ಅವನು ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು "ಹ್ಞಾಂ? ಏನ? ಜೋರ ಹೇಳ್ರಿ," ಎನ್ನುತ್ತಿದ್ದ. ಆಮೇಲೆ ಗೋಡೆಗೆ ಒರಗಿ ಮೆಲ್ಲಗೆ ಕೆಳಗೆ ಕುಳಿತ. ಸತ್ಕಾರದ ಕುರ್ಚಿಯಲ್ಲಿ ಕುಳಿತ ಗೌರೀಶ, ಕೊರಳಲ್ಲಿ ಹಾರ ಇರುವಾಗಲೇ ಎಡ ಭುಜವನ್ನು ಹಿಡಿದುಕೊಂಡನಂತೆ. ಎದ್ದು ನಿಲ್ಲಲು ಹೋಗಿ ಬಿದ್ದನಂತೆ. ದವಾಖಾನೆ ಮುಟ್ಟುವುದರೊಳಗೆ ಜೀವ ಹೋಗಿತ್ತು. ಅವನಿಗೆ ಇಪ್ಪತ್ತೆರಡು ವರ್ಷ.

ನಾನು ಹೊರಗೆ ಬಂದು, ನಿಲ್ಲಿಸಿರಿ ಎಂದು ಕೈ ಎತ್ತಿದೆ. ಶಂಕರೆಪ್ಪ ನಾನು ಆಶೀರ್ವಾದ ಮಾಡುತ್ತಿದ್ದೇನೆಂದು ತಿಳಿದು ಅಲ್ಲಿಂದಲೇ ಕೈ ಮುಗಿದ. ಹತ್ತಿರ ಹೋಗಿ ವಿಷಯ ಹೇಳಿದಾಗ ಅವನ ಮುಖ ಬಾಡಿತು, ನಿಜ. ಆದರೆ ಬಾಯಿಂದ ಬಂದ ಮಾತು ಇದು: "ಸರಕ್ಕ ಬೆಂಕಿ ಹತ್ತೇತ್ರಿ ಅಜ್ಜಾರ, ಈಗ ನಡಬರಕ ನಿಲ್ಲೂದಿಲ್ಲ." ಒಳಗೆ ಸೊಸೆ ಸೋಮವ್ವ ಎದೆ ಎದೆ ಬಡಿದುಕೊಳ್ಳುತ್ತಿದ್ದಳು. ಹೊರಗೆ ಸರ ಪೂರ್ತಿ ಉರಿಯಿತು. ಹಡೆದ ಓಣಿಯೇ ತನ್ನ ಹುಡುಗನ ಸಾವಿಗೆ ಪಟಾಕಿ ಹಾರಿಸಿದ್ದನ್ನು ನಾನು ಎಂಬತ್ತು ವರ್ಷದಲ್ಲಿ ಕಂಡಿರಲಿಲ್ಲ.

ಹೋದವನನ್ನು ಯಾರೂ ತಿರುಗಿ ತರಲಾರರು. ಇದ್ದವಳು ಅವನ ತಂಗಿ ಶೀತಲ. ಹದಿನೆಂಟು ತುಂಬಿದ ಹುಡುಗಿ. ಅವಳೂ ಸೈಕಲ್ ಹೊಡೆಯುತ್ತಾಳೆ, ಅಣ್ಣನಿಗಿಂತ ಚೆಂದ ಹೊಡೆಯುತ್ತಾಳೆಂದು ಅಣ್ಣನೇ ಹೇಳುತ್ತಿದ್ದ. ಅವನನ್ನು ಕೊಂದ ಕೈಯಲ್ಲಿ ಅವಳು ಬೀಳಬಾರದೆಂಬುದೊಂದೇ ಅಂದಿನಿಂದ ನನ್ನ ಚಿಂತೆಯಾಯಿತು.

ಆ ಕೈ ಯಾರದೆಂದು ಹೇಳುತ್ತೇನೆ.

ಕಿತ್ತೂರ ರಸ್ತೆಯಲ್ಲಿ ಒಂದು ಹಾಲಿನ ಸಂಗ್ರಹ ಕೇಂದ್ರವಿದೆ. ಅದನ್ನು ನಡೆಸುವವನು ಸುಭಾಸ. ಬೆಳಿಗ್ಗೆ ಹಾಲು ಅಳೆಯುವುದು, ಒಂದು ಚಮಚದಷ್ಟನ್ನು ಯಂತ್ರದೊಳಗೆ ಹಾಕಿ ಫ್ಯಾಟ್ ಎಷ್ಟೆಂದು ನೋಡುವುದು, ಅಂಕಿ ಏರಿದರೆ ಹಾಲು ತಂದವರನ್ನು ಹೊಗಳುವುದು, ಇಳಿದರೆ ನೀರು ಬೆರೆಸಿದಿರಿ ಎಂದು ಬಯ್ಯುವುದು ಅವನ ಉದ್ಯೋಗ. ಉದ್ಯೋಗದಲ್ಲಿ ಕೆಡುಕೇನೂ ಇಲ್ಲ. ಆದರೆ ಅಷ್ಟಕ್ಕೆ ಅವನ ತೃಪ್ತಿಯಾಗಲಿಲ್ಲ. ಟೋಪಿ ಹಾಕಿ, ಕೊರಳಿಗೆ ಸೀಟಿ ಕಟ್ಟಿಕೊಂಡು, ಸೈಕಲ್ ಹುಡುಗರಿಗೆ ಗುರುವಾದ. ಹುಡುಗರು ಮುಂಜಾನೆ ಕಿತ್ತೂರಿಗೆ ಹೋಗಿ ಬರುವರು. ಇವನು ಮೋಟಾರ್ ಸೈಕಲ್ ಮೇಲೆ ಕುಳಿತು ಹಿಂದಿನಿಂದ ಸೀಟಿ ಊದುವನು. ಇಷ್ಟಕ್ಕೆ ಅವರು ಅವನನ್ನು ಸರ್ ಎನ್ನುತ್ತಿದ್ದರು.

ಈ ಸರ್ ಕಲಿಸಿದ ಮೊದಲ ಪಾಠ ಸಿಗರೇಟು. ಸವದತ್ತಿಯ ಗುಡ್ಡದ ಏರು ಹತ್ತಬೇಕಾದರೆ ಮೈ ಹಗುರ ಇರಬೇಕು, ಮೈ ಹಗುರ ಇರಬೇಕಾದರೆ ಹಸಿವು ಸಾಯಬೇಕು. "ಒಂದು ಸೇದಿದ್ರ ಎರಡ ರೊಟ್ಟಿ ಉಳೀತಾವ," ಎಂದು ಅವನು ಹೇಳಿದ್ದನ್ನು ಹುಡುಗರು ಮಂತ್ರದಂತೆ ಬಾಯಿಪಾಠ ಮಾಡಿದ್ದರು. ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡ ಮಕ್ಕಳು, ಎದೆಯ ಮೇಲೆ ದೇವರನ್ನಿಟ್ಟುಕೊಂಡು, ಎದೆಯ ಒಳಗೆ ಹೊಗೆ ತುಂಬಿಕೊಂಡು ಓಡಾಡಿದರು.

ನಾನು ಗೌರೀಶನನ್ನು ಬಯ್ದೆ. ಅವನ ತಂದೆಗೂ ಹೇಳಿದೆ. ಮಾಂತೇಶ ಪೇಟೆಯಲ್ಲಿ ಹತ್ತಿ ದಲ್ಲಾಳಿಯ ಅಡತಿ ಅಂಗಡಿ ಇಟ್ಟವನು. ಹತ್ತಿಯ ಒಂದು ಎಳೆಯನ್ನು ಹಿಡಿದು ಅದರ ಗುಣ ಹೇಳಬಲ್ಲ ಮನುಷ್ಯ. ಮಗನ ಬಾಯಿಯ ವಾಸನೆ ಮಾತ್ರ ಅವನಿಗೆ ತಿಳಿಯಲಿಲ್ಲ. "ಅಪ್ಪಾ, ಸರ್ ಹೇಳಿದಾಂಗ ಇರ್ಲಿ ಬಿಡ್ರಿ. ಆಟದ ಕೋಟಾದಾಗ ನೌಕರಿ ಹತ್ತಿದ್ರ ತಾನ ಬಿಡತಾನ," ಎಂದ.

ಮುಂದೆ ಸುಭಾಸನಿಗೆ ಹುಡುಗರ ರಕ್ತ ತಪಾಸಣೆ ಮಾಡಿಸುವ ಹುಚ್ಚು ಹಿಡಿಯಿತು. ದೊಡ್ಡ ದೊಡ್ಡ ಆಟಗಾರರು ಮಾಡಿಸುತ್ತಾರೆಂದು ಎಲ್ಲಿಯೋ ಕೇಳಿದ್ದ. ಉಳಿದ ಹುಡುಗರ ಹಿಮೋಗ್ಲೋಬಿನ್ ಹದಿನಾಲ್ಕು, ಹದಿನೈದು, ಹದಿನಾರು ಬಂತು. ಗೌರೀಶ ಎಲ್ಲರಿಗಿಂತ ಹೆಚ್ಚು ಸೇದುವವನು. ಅವನದು ಹತ್ತೊಂಬತ್ತು ಬಂತು. ಹಾಲಿನ ಅಂಕಿಯನ್ನು ನೋಡಿ ನೋಡಿ ಪಳಗಿದ ಕಣ್ಣಿಗೆ ಇದು ಹೇಗೆ ಕಂಡಿರಬೇಡ! ಅಂಕಿ ಏರಿದರೆ ಒಳ್ಳೆಯದು, ಇಳಿದರೆ ಕೆಟ್ಟದ್ದು. ಅವನಿಗೆ ತಿಳಿದ ವಿಜ್ಞಾನ ಅಷ್ಟೇ.

"ಎಮ್ಮಿಗೂ ಇಷ್ಟ ಬರಂಗಿಲ್ಲಲೇ!" ಎಂದು ಅವನು ಹುಡುಗನ ಬೆನ್ನು ಚಪ್ಪರಿಸಿದನಂತೆ.

ಅದಾದ ಮೂರನೆಯ ದಿನ ಬಸ್ ನಿಲ್ದಾಣದ ಎದುರಿಗೆ ಮಾಳಿಗೆ ಎತ್ತರದ ಫ್ಲೆಕ್ಸ್ ಏರಿತು. ನಡುವೆ ನನ್ನ ಮೊಮ್ಮಗ. ಸುತ್ತ ಸಂಘದವರ ಮುಖಗಳು, ಎಲ್ಲರೂ ಕಪ್ಪು ಕನ್ನಡಕದವರು. ಕೆಳಗೆ ದಪ್ಪ ಅಕ್ಷರದಲ್ಲಿ: ಬೈಲಹೊಂಗಲದ ಹುಲಿ, ರಕ್ತ ಹತ್ತೊಂಬತ್ತು! ಜನ ನಿಂತು ಓದಿದರು. ಮನುಷ್ಯನ ರಕ್ತದ ಅಂಕಿಯನ್ನು ಸಂತೆಯ ದರದ ಹಾಗೆ ಬರೆದು ತೂಗುಹಾಕಿದರೆ ಒಬ್ಬನಾದರೂ ಇದೇನೆಂದು ಕೇಳಬೇಡವೇ? ಕೇಳಲಿಲ್ಲ. ಕೆಲವರು ಫ್ಲೆಕ್ಸಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.

ನಾನು ಹುಡುಗನನ್ನು ಡಾಕ್ಟರ್ ಉಮಾಶ್ರೀ ಅವರ ಬಳಿ ಕರೆದುಕೊಂಡು ಹೋದೆ. ನಮ್ಮ ಮನೆಯವರನ್ನೆಲ್ಲ ನೋಡುವ ಡಾಕ್ಟರು ಅವರೇ.

"ನಂದು ಹತ್ತೊಂಬತ್ತ ಐತ್ರಿ ಮೇಡಮ್," ಎಂದ ಗೌರೀಶ, ಬಹುಮಾನ ಹೇಳುವವನಂತೆ.

"ದಿನಕ್ಕ ಎಷ್ಟ ಸೇದತಿ?"

ಅವನು ನನ್ನ ಕಡೆ ನೋಡಿದ.

"ಅಜ್ಜಾರ ಅದಾರಂತ ಸುಳ್ಳ ಹೇಳಬ್ಯಾಡ. ಅಜ್ಜಾರಿಗೂ ಮೂಗ ಐತಿ."

"ಒಂದ ಪಾಕೀಟ್ರಿ," ಎಂದ. "ಶರ್ಯತ್ತ ಇದ್ದಾಗ ಒಂದೂವರಿ."

ಆಕೆ ಕಾಗದವನ್ನು ಮೇಜಿನ ಮೇಲೆ ಇಟ್ಟು ಸಮಾಧಾನದಿಂದ ತಿಳಿಸಿದರು. "ರಕ್ತದಾಗಿನ ಕೆಂಪು ಕಣ ಅಂದ್ರ ಗಾಳಿ ಹೊರೂ ಬಂಡಿ ಅಂತ ತಿಳಿ. ಸಿಗರೇಟಿನ ಹೊಗ್ಯಾಗ ಒಂದ ವಿಷಗಾಳಿ ಇರತೈತಿ. ಅದು ಬಂಡಿ ಏರಿ ಕುಂತ್ರ ಲಗೂನ ಇಳಿಯಂಗಿಲ್ಲ. ನಿನ್ನಂಗ ಸೇದೋರದು ಹತ್ತ ಬಂಡ್ಯಾಗ ಒಂದರ ತನಕ ಅದರ ಪಾಲಾಗತಾವ. ಮೈಗೆ ಉಸರು ಸಾಲವಲ್ದು. ಅದಕ್ಕ ಅದು ಇನ್ನಷ್ಟ ಬಂಡಿ ಕಟ್ಟತೈತಿ, ಮತ್ತಷ್ಟ ಕಟ್ಟತೈತಿ. ಹಿಂಗ ನಿಂದು ಹತ್ತೊಂಬತ್ತ ಆತು. ಇದು ಶಕ್ತಿ ಅಲ್ಲ ತಮ್ಮಾ. ಉಸರ ಕಟ್ಟಿದ ಮೈ ಬಾಯಿ ಬಡಕೊಳ್ಳೂದು."

"ಮತ್ತ ಗಂಡಸ್ತನದ ಹಾರ್ಮೋನೂ ಏರೈತಿ ಅಂತ ನಮ್ಮ ಸರ್ ಕಾಗದ ನೋಡಿ ಅಂದ್ರಲ್ರಿ ಮೇಡಮ್?"

"ಸೇದೋರಿಗೆ ಆ ಅಂಕಿ ಒಂದೀಟ ಏರಿ ಕಾಣೂದುಂಟು. ಅದರಿಂದ ನಿನ್ನ ತೊಡಿಗೇನೂ ಬರಂಗಿಲ್ಲ. ಅದರ ಕೆಳಗಿಂದ ಯಾಕ ಓದಲಿಲ್ಲ ನಿಮ್ಮ ಸರ್? ಕಾರ್ಟಿಸಾಲ್ ಅಂತ ಐತಿ ನೋಡು. ಅಂಜಿಕಿ ಬಂದಾಗ, ಜೀವಕ್ಕ ಕುತ್ತ ಬಂದಾಗ ಏರೂ ಹಾರ್ಮೋನು. ನಿನಗ ಸುಮ್ಮನ ಕುಂತಾಗೂ ಏರೇ ಐತಿ. ಅದು ದಣದ ಸ್ನಾಯು ಸುಧಾರಸಾಕ ಬಿಡಂಗಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಾರ, ರಕ್ತ ಪಾಕದಂಗ ದಪ್ಪ ಆಗೈತ್ರಿ. ದಪ್ಪ ರಕ್ತ, ಬ್ಯಾಸಗಿ ಬಿಸಲು, ನೀರ ಕುಡೀದ ಮೈ, ಮೂರೂ ಒಂದ ದಿನ ಕೂಡಿದ್ರ ಹೆಪ್ಪುಗಟ್ಟೂ ಅಂಜಿಕಿ ಐತಿ. ಮೊದಲ ಸಿಗರೇಟ ಬಿಡಸ್ರಿ. ಬಿಟ್ರ ತಾನ ಇಳೀತೈತಿ," ಎಂದರು.

ಹುಡುಗ ಅಂಜಿದ. ಅಂದೇ ಬಿಟ್ಟ. ಆ ದಿನಗಳಲ್ಲಿ ಅವನು ತಾಯಿಯ ಕೈಯ ರೊಟ್ಟಿಯನ್ನು ಬೇಡಿ ಬೇಡಿ ತಿಂದದ್ದು ನೆನಪಿದೆ. ರಾತ್ರಿ ಕೆಮ್ಮುವುದು ನಿಂತಿತು. ಮುಖಕ್ಕೆ ಮನುಷ್ಯರ ಬಣ್ಣ ಬಂತು. ನಾನು ದಿನವೂ ಪೂಜೆಯಲ್ಲಿ ಶಿವನಿಗೆ ಒಂದು ಬಿಲ್ವಪತ್ರೆ ಹೆಚ್ಚಿಗೆ ಏರಿಸಿದೆ.

ಆದರೆ ತೊಂದರೆ ಬಂದದ್ದು ಅವನು ಗುಣವಾದದ್ದರಿಂದಲೇ. ಮುಂದಿನ ತಪಾಸಣೆಯಲ್ಲಿ ರಕ್ತ ಹದಿನೇಳಕ್ಕೆ ಇಳಿದಿತ್ತು. ಡಾಕ್ಟರು ಇಳಿಯಬೇಕೆಂದು ಹೇಳಿದ್ದೇ ಅದು. ಆದರೆ ಹಾಲಿನ ಕೇಂದ್ರದಲ್ಲಿ ಹೆಣ ಬಿದ್ದಂತಾಯಿತು. ಫ್ಲೆಕ್ಸಿನ ಮೇಲೆ ಹತ್ತೊಂಬತ್ತು, ಮೈಯಲ್ಲಿ ಹದಿನೇಳು! ಸಂಘದ ಮಾನ ಏನಾಗಬೇಕು? ಸುಭಾಸ ನಮ್ಮ ಮನೆಗೇ ಬಂದ. ಕಟ್ಟೆಯ ಮೇಲೆ ಕುಳಿತು ನಮ್ಮ ಮನೆಯ ಚಹಾ ಕುಡಿಯುತ್ತ, ನನ್ನೆದುರಿಗೇ ಹುಡುಗನಿಗೆ ಹೇಳಿದ:

"ಏನಲೇ ಗೌರ್ಯಾ, ಹೊಟ್ಟಿ ಮುಂದ ಬಂದೈತಿ, ಎಷ್ಟ ತಿಂಗಳಾತು? ರಕ್ತ ಸುಟ್ಟ ಹೊಂಟೈತಿ ನಿಂದು. ಎರಡ ಡಿಗ್ರಿ ಹೋತು!"

"ಅದು ಇಳೀಬೇಕಂತ ಡಾಕ್ಟರು ಹೇಳ್ಯಾರ ಸುಭಾಸ," ಎಂದೆ.

"ಡಾಕ್ಟರ್ರಿಗೆ ಜಡ್ಡಿನ ಮಂದಿ ರಕ್ತ ಗೊತ್ರಿ ಅಜ್ಜಾರ. ಪೈಲವಾನರ ರಕ್ತ ಬ್ಯಾರೆ."

"ನಿನಗ ಎಮ್ಮಿ ಹಾಲ ಗೊತ್ತು. ಇವು ಹುಡುಗರು."

ಅವನು ನಕ್ಕ. ಮಾಂತೇಶನೂ ನಕ್ಕ. ಗೌರೀಶ ತಲೆ ತಗ್ಗಿಸಿ ಕುಳಿತಿದ್ದ. ಆ ತಗ್ಗಿದ ತಲೆ ನನ್ನ ಕಡೆ ತಿರುಗಲಿಲ್ಲ. ಕೆಲವೇ ದಿನಗಳಲ್ಲಿ ಅವನು ಮತ್ತೆ ರೊಟ್ಟಿ ಬೇಡೆನ್ನತೊಡಗಿದ. ರಾಮದುರ್ಗದ ಶರ್ಯತ್ತಿನ ಹಿಂದಿನ ತಪಾಸಣೆಯಲ್ಲಿ ಹತ್ತೊಂಬತ್ತು ತಿರುಗಿ ಬಂತು. ಸಂಘದವರು ಪೇಢೆ ಹಂಚಿದರು. ಮೈ ಹಗುರ ಇರಲೆಂದು ಶರ್ಯತ್ತಿನ ದಿನ ನೀರನ್ನೂ ಬಿಡಿಸಿದರು. ಡಾಕ್ಟರು ಹೇಳಿದ ಮೂರೂ ಹೀಗೆ ಕೂಡಿದವು. ರಕ್ತ ಹೃದಯದ ನಾಳದಲ್ಲಿ ಹೆಪ್ಪುಗಟ್ಟಿತ್ತೆಂದು ಅಲ್ಲಿಯ ದವಾಖಾನೆಯವರು ತಿಳಿಸಿದರು.

ಹುಡುಗನ ಮೈ ತೊಳೆಯುವಾಗ ಸೈಕಲ್ ಅಂಗಿಯ ಬೆನ್ನ ಜೇಬಿನಿಂದ ಸಿಗರೇಟಿನ ಪಾಕೀಟು ಬಿತ್ತು. ಬಾಳೆಹಣ್ಣು ಇಟ್ಟುಕೊಳ್ಳುವ ಜೇಬು ಅದು. "ಮಂದಿ ನೋಡ್ಯಾರು," ಎಂದು ಶಂಕರೆಪ್ಪ ಅದನ್ನು ತಟ್ಟನೆ ತನ್ನ ಕಿಸೆಗೆ ಹಾಕಿಕೊಂಡ. ನಮ್ಮ ಹೊಲದಲ್ಲಿ ಸಮಾಧಿ ತೆಗೆಯುವಾಗ ಅವನು ಬೇಲಿಯ ಮರೆಯಲ್ಲಿ ಸೇದುತ್ತ ನಿಂತದ್ದನ್ನು ನಾನು ನೋಡಿದೆ. ಯಾರ ಪಾಕೀಟಿನದೆಂದು ಕೇಳಲಿಲ್ಲ.

ಲಿಂಗವಂತರ ಪದ್ಧತಿಯಂತೆ ಗೌರೀಶನನ್ನು ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಪತ್ರೆಗಳನ್ನು ತುಂಬಿ ಮಣ್ಣು ಕೊಟ್ಟೆವು. ಸಂಜೆಯ ಹೊತ್ತಿಗೆ ಊರಲ್ಲಿ ಮಾತು ಹಬ್ಬಿತ್ತು: ಹುಡುಗನಿಗೆ ದೃಷ್ಟಿ ತಾಗಿತು, ಫ್ಲೆಕ್ಸ್ ಅಷ್ಟು ಎತ್ತರ ಕಟ್ಟಬಾರದಾಗಿತ್ತು. ಹೊಗೆಯ ಮಾತನ್ನು ಒಬ್ಬರೂ ಎತ್ತಲಿಲ್ಲ. ಎತ್ತುವುದು ಹೇಗೆ? ಮಾತಾಡಿದವರ ಬಾಯಲ್ಲಿಯೇ ಬೀಡಿ ಇತ್ತು.

ಶೀತಲ ಮಂದಿಯೊಡನೆ ಮಾತು ಬಿಟ್ಟಳು. ಅಣ್ಣನ ಸೈಕಲನ್ನು ಒರೆಸುವಳು, ಮತ್ತೆ ಒರೆಸುವಳು. ಒಂದು ಮಧ್ಯಾಹ್ನ ನಾನು ಹತ್ತಿರ ಕುಳಿತು ಕೇಳಿದೆ: "ಯವ್ವಾ, ಸುಭಾಸ ನಿನಗೂ ಸೇದು ಅಂದಿದ್ನೇನ?"

"ಹ್ಞೂಂ ಯಜ್ಜಾ. ರಕ್ತ ಹನ್ನೆರಡ ಐತಿ, ನಾಚಿಕಿ ಬರಂಗಿಲ್ಲೇನ ಅಂದಿದ್ರು. ಅಣ್ಣ ಅವರ ಕೂಡ ಜಗಳಾಡಿದ. ನನಗ ಬೇಕಾದ್ದ ಮಾಡ್ರಿ, ಆಕಿ ತಂಟೇಕ ಬರಬ್ಯಾಡ್ರಿ ಅಂದ."

ತನಗಾಗಿ ಬಿಡದ ಹುಡುಗ ತಂಗಿಗಾಗಿ ಗುರುವಿನ ಎದುರು ನಿಂತಿದ್ದ. ಈಗ ಆ ತಡೆಯೂ ಇರಲಿಲ್ಲ.

"ಹಾಂಗಾರ ಸೈಕಲ್ ಬಿಡತೀಯೇನ?" ಎಂದೆ.

ಅವಳು ಬಟ್ಟೆಯನ್ನು ಹಿಂಡಿ ಚೈನನ್ನು ಒರೆಸತೊಡಗಿದಳು.

ಹೋದವನ ಹೆಸರಿನಲ್ಲಿ ಪ್ರಸಾದ ಹಾಕುವ ಶಿವಗಣಾರಾಧನೆಯ ದಿನ ಬಂತು. ಅಯ್ಯನವರ ಪಾದಪೂಜೆಯಾಗಿ, ಅವರ ಪ್ರಸಾದ ಮುಗಿದು, ಬೀಗರು ನೆಂಟರು ಪಂಕ್ತಿಗೆ ಕೂಡುವ ಹೊತ್ತಿಗೆ ಸಂಘದವರು ಬಂದರು. ಬರಿಗೈಯಲ್ಲಿ ಬರಲಿಲ್ಲ. ಒಂದು ಸುರುಳಿ ತಂದಿದ್ದರು. ಯಾರನ್ನೂ ಕೇಳದೆ ಅದನ್ನು ಬಿಚ್ಚಿ ಹಂದರದ ಎರಡು ಗಳಗಳಿಗೆ ಕಟ್ಟಿದರು. ಮತ್ತೊಂದು ಫ್ಲೆಕ್ಸ್! ಹತ್ತೊಂಬತ್ತರ ವೀರನ ನೆನಪಿನ ಸೈಕಲ್ ಶರ್ಯತ್ತು ಎಂದು ಮೇಲೆ ಬರೆದಿತ್ತು. ಒಂದು ಬದಿಗೆ ಗೌರೀಶ, ಇನ್ನೊಂದು ಬದಿಗೆ ಶೀತಲ ಸೈಕಲ್ ಹೊಡೆಯುವ ಚಿತ್ರ. ನಡುವೆ ಸುಭಾಸ, ಸೀಟಿ ಸಹಿತ.

"ಸಾಹುಕಾರ್ರ," ಎಂದು ಸುಭಾಸ ನನ್ನ ಮಗನಿಗೆ ಹೇಳಿದ, ಎಲ್ಲರಿಗೂ ಕೇಳುವಂತೆ. "ಅಣ್ಣನ ಹೆಸರ ತಂಗಿ ಉಳಸಬೇಕ್ರಿ. ಆಕಿ ರಕ್ತ ಅಷ್ಟ ಕಮ್ಮಿ ಐತಿ. ಎರಡ ತಿಂಗಳ ನನ್ನ ಕೈಯಾಗ ಬಿಡ್ರಿ, ಹದಿನಾರಕ್ಕ ತಂದ ತೋರಸತೇನಿ."

ಮಾಂತೇಶ ಮಗನ ಚಿತ್ರವನ್ನೇ ನೋಡುತ್ತಿದ್ದ. ಅವನ ಕಣ್ಣು ತುಂಬಿ ಬಂದಿತ್ತು. ಎಲ್ಲಿ ಹೂಂ ಎಂದುಬಿಡುತ್ತಾನೋ ಎಂದು ಅಂಜಿ ಎದ್ದು ನಿಂತೆ.

"ಸುಭಾಸ, ನಿನ್ನ ಯಂತ್ರದಾಗ ಫ್ಯಾಟ್ ಏರಿ ಬಂದ್ರ ಏನ ಅಂತಿ?"

"ಭೇಷ್ ಅಂತೇನ್ರಿ," ಎಂದ ಅವನು, ಹೊಗಳಿಕೆ ಬರುತ್ತದೆಂದು ತಿಳಿದು.

"ಹಾಲ ಒಡದ ಹೆಪ್ಪಾಗಿ ಬಂದ್ರ?"

"ಅದನ್ನ ಯಂತ್ರಕ್ಕ ಹಾಕಂಗಿಲ್ರಿ ಅಜ್ಜಾರ. ನೋಡಿದ ಕೂಡ್ಲೆ ತಿರುಗಿ ಕಳಸತೇನಿ."

"ಹಾಲಿಗೆ ಅಷ್ಟ ಎಚ್ಚರ ಐತಲ್ಲ ನಿನಗ! ನನ್ನ ಮೊಮ್ಮಗನ ರಕ್ತ ಹೆಪ್ಪಾಗಾಕ ಬಂದೈತಿ ಅಂತ ಡಾಕ್ಟರು ಹೇಳಿ ತಿರುಗಿ ಕಳಿಸಿದ್ರು. ನೀ ಅದಕ್ಕ ಪೇಢೆ ಹಂಚಿದಿ."

ಶಂಕರೆಪ್ಪ ಕೆಮ್ಮಿ, "ಇದು ಆ ಮಾತಾಡೂ ಹೊತ್ತಲ್ರಿ ಅಜ್ಜಾರ, ಹಿರೇರ ನೀವು," ಎಂದ.

"ಯಾವಾಗ ಆಡಬೇಕಪಾ? ಆಕಿಗೂ ಪಟಾಕಿ ಹಚ್ಚಿದ ಮ್ಯಾಲೇನ?"

ಆಗ ಶೀತಲ ನೀರಿನ ತಂಬಿಗೆಯನ್ನು ಕೆಳಗಿಟ್ಟು ಹಂದರದ ನಡುವೆ ಬಂದಳು. ಇಷ್ಟು ದಿನದ ಮೇಲೆ ಮಂದಿಯ ಮುಂದೆ ಅವಳ ಧ್ವನಿ ಒಡೆದು ಹೊರಟಿತು.

"ಸರ್, ನಾ ಸೈಕಲ್ ಬಿಡಂಗಿಲ್ರಿ. ಮುಂಜಾನೆ ಕಿತ್ತೂರಿಗೆ ಹೋಗಾಕಿನ. ರೊಟ್ಟಿ ತಿಂದ ಹೋಗತೇನಿ, ನೀರ ಕುಡದ ಹೋಗತೇನಿ. ನಿಮ್ಮ ಸೀಟಿ ಬ್ಯಾಡ್ರಿ. ನನ್ನ ರಕ್ತ ಹನ್ನೆರಡ ಐತಿ. ಹನ್ನೆರಡ ಇರ್ಲಿ."

ಹೀಗೆ ಹೇಳಿ ತಂದೆಯ ಮುಖ ನೋಡಿದಳು. ಮಾಂತೇಶ ಹೋಗಿ ಫ್ಲೆಕ್ಸಿನ ಗಂಟನ್ನು ಬಿಚ್ಚಿದ. ಗಂಟು ಬೇಗ ಬಿಚ್ಚಲಿಲ್ಲ. ಯಾರೂ ಸಹಾಯಕ್ಕೆ ಏಳಲಿಲ್ಲ. ಚಿತ್ರವನ್ನು ಸುತ್ತಿ, ಮಗನ ಮುಖ ಮಡಿಚದಂತೆ ನೋಡಿಕೊಂಡು, ಒಳಗೆ ಒಯ್ದ.

ಸಂಘದವರು ಹೊರಡಲು ಅನುವಾದರು. ಆಗ ಸೋಮವ್ವ ಅಡಿಗೆಯ ಮನೆಯ ಬಾಗಿಲಿಗೆ ಬಂದು ಹೇಳಿದಳು: "ಕುಂತ ಉಂಡ ಹೋಗ್ರಿ. ಪ್ರಸಾದಕ್ಕ ಬಂದೋರ್ನ ನಮ್ಮ ಮನ್ಯಾಗ ಉಪವಾಸ ಕಳಸಂಗಿಲ್ಲ. ನಾಳಿಯಿಂದ ಬರಬ್ಯಾಡ್ರಿ."

ಮಾನವಿದ್ದ ಮನುಷ್ಯನಾದರೆ ಆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸುಭಾಸ ಎಲೆಯ ಮುಂದೆ ಕುಳಿತು ಎರಡು ಸಲ ಹುಗ್ಗಿ ಹಾಕಿಸಿಕೊಂಡ. ಕೈ ತೊಳೆದು, ಬಾಗಿಲಾಚೆ ಹೋಗಿ, ಕಿಸೆಯಲ್ಲಿ ಕಡ್ಡಿಪೆಟ್ಟಿಗೆ ಹುಡುಕತೊಡಗಿದ. ಅವನಿಗೆ ಏನೂ ಆಗಿರಲಿಲ್ಲ. ಹೋದದ್ದು ನಮ್ಮದು.

ಬಿಸಿಲು ಇಳಿದ ಮೇಲೆ ನಾನು ಶೀತಲಳ ಕೈ ಹಿಡಿದು ಹೊಲಕ್ಕೆ ಹೋದೆ. ಹೊಸ ಮಣ್ಣು ಇನ್ನೂ ಕೂತಿರಲಿಲ್ಲ. ಅವಳು ನೀರು ಚಿಮುಕಿಸಿದಳು. ನಾನು ವಿಭೂತಿ ಇಟ್ಟು, ಪತ್ರೆ ಏರಿಸಿ, ಕಣ್ಣು ಮುಚ್ಚಿದೆ.

ಶಿವನೇ, ಈ ಹುಡುಗ ಅವಸರದವನು. ಕರೆಯುವ ಮೊದಲೇ ನಿನ್ನ ಬಾಗಿಲಿಗೆ ಬಂದಿದ್ದಾನೆ, ತಪ್ಪೆಂದು ನಿಲ್ಲಿಸಬೇಡ. ಮಂದಿ ಅವನ ಮೈಯನ್ನು ಅಳೆದರು, ತೂಗಿದರು, ಅಂಕಿ ಬರೆದು ಮೆರೆಸಿದರು. ನೀನು ಅಳೆಯಬೇಡ. ಇದ್ದ ಹಾಗೆ ತೆಗೆದುಕೊ. ಅವನ ಎದೆ ಬಹಳ ಬಳಲಿದೆ, ಅದಕ್ಕೆ ಶುದ್ಧವಾದ ಗಾಳಿ ಕೊಡು. ಬಾಯಾರಿ ಬಂದಿದ್ದಾನೆ, ನಿನ್ನ ಜಟೆಯ ಗಂಗೆಯಿಂದ ಒಂದು ಬೊಗಸೆ ನೀರು ಕೊಡು. ಬದುಕಿ ಉಳಿದವರ ಮೇಲಿನ ನನ್ನ ಸಿಟ್ಟು ಆರದಿದ್ದರೆ ಅದು ನನ್ನ ಪಾಡು. ಅದರ ಬಿಸಿ ಅವನಿಗೆ ಮುಟ್ಟದಿರಲಿ. ಅವನನ್ನು ನಿನ್ನ ಪಾದದ ನೆರಳಲ್ಲಿ ಕೂಡಿಸಿಕೊ, ತಂದೆ. ಅವನಿಗೆ ಶಾಂತಿ ಕೊಡು.